ತೊಟ್ಟಿಕ್ಕುವ ಲಾರಿ

"ರೀ, ಸ್ವಲ್ಪ ಇಲ್ಲಿ ಬನ್ನಿ. ಈ ಲಾರಿ ಸೋರ್ತಾ ಇದೆ," ಎಂದಳು ನನ್ನ ಹೆಂಡತಿ.

ಅವಳು ನೆಲಕ್ಕೆ ಮೊಣಕಾಲೂರಿ, ಕ್ಯಾಮೆರಾವನ್ನು ಕಣ್ಣಿಗೆ ಒತ್ತಿಕೊಂಡು, ಲಾರಿಯ ಹಿಂದಿನ ಚಕ್ರಗಳ ನಡುವೆ ಇಣುಕುತ್ತಿದ್ದಳು. ನಾನು ಪೊಲೀಸ್ ಠಾಣೆಯ ಅಂಗಳದಲ್ಲಿದ್ದ ಒಂದೇ ಒಂದು ಮರದ ನೆರಳಿನಲ್ಲಿ, ಕೋರ್ಟಿನ ಬಿಡುಗಡೆ ಆದೇಶವನ್ನು ಬೀಸಣಿಗೆ ಮಾಡಿಕೊಂಡು ನಿಂತಿದ್ದೆ. ಆದೇಶ ನಾನೇ ವಾದ ಮಾಡಿ ತಂದದ್ದು. ಅದರಿಂದ ಗಾಳಿ ಹಾಕಿಕೊಳ್ಳುವ ಹಕ್ಕು ನನಗಿತ್ತು.

"ಆಯಿಲ್ ಇರಬೇಕು ಬಿಡೆ. ನಿಂತ ಗಾಡಿ ಸೋರದೆ ಇನ್ನೇನು ಮಾಡುತ್ತೆ."

"ಆಯಿಲ್ ಅಲ್ಲ, ನೀರು."

"ಹಾಗಾದ್ರೆ ರೇಡಿಯೇಟರ್."

"ರೇಡಿಯೇಟರ್ ಮುಂದೆ ಇರುತ್ತೆ. ಇದು ಹಿಂದೆ. ಇಷ್ಟು ಲಾರಿ ಬಿಡಿಸಿದ್ದೀರಿ, ಲಾರಿಗೆ ಹಿಂದೆ ಯಾವುದು ಮುಂದೆ ಯಾವುದು ಅಂತ ಗೊತ್ತಿಲ್ವಾ?"

ನಮ್ಮ ಸಂಸಾರದಲ್ಲಿ ನಾನು ಕಲಿತ ವಿದ್ಯೆ ಒಂದೇ. ಅವಳು ಕ್ಯಾಮೆರಾ ಹಿಡಿದು ಬನ್ನಿ ಎಂದರೆ ಹೋಗಬೇಕು. ಪ್ಯಾಂಟು ಮಣ್ಣಾಗುತ್ತದೆಂದು ಗೊಣಗುತ್ತಲೇ ಹೋಗಿ ಅವಳ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತೆ.

ಲಾರಿಯ ಹಿಂಬಾಗಿಲಿನ ಸಂದಿಯಿಂದ ನೀರು ಹನಿಹನಿಯಾಗಿ ತೊಟ್ಟಿಕ್ಕುತ್ತಿತ್ತು. ಕೆಳಗೆ ಊಟದ ತಟ್ಟೆಯಷ್ಟು ಅಗಲಕ್ಕೆ ನೆಲ ಒದ್ದೆಯಾಗಿತ್ತು. ತಲೆಯೆತ್ತಿ ಆಕಾಶ ನೋಡಿದೆ. ಸುಡುಬಿಸಿಲು. ಮಳೆಯ ಮುಖ ನೋಡಿ ತಿಂಗಳುಗಳೇ ಆಗಿದ್ದವು.

"ಮರಳು," ಎಂದೆ.

"ಒದ್ದೆ ಮರಳು," ಎಂದು ಅವಳು ತಿದ್ದಿದಳು.

ಹೊಳೆಯಿಂದ ಆಗಷ್ಟೇ ಎತ್ತಿದ ಮರಳನ್ನು ಲಾರಿಗೆ ತುಂಬಿದರೆ ಅದು ದಿನವಿಡೀ ನೀರು ಸುರಿಸುತ್ತದೆ. ಮರಳು ಲಾರಿಯ ಹಿಂದೆ ಸ್ಕೂಟರಿನಲ್ಲಿ ಹೋಗಿ ಮುಖ ಒರೆಸಿಕೊಂಡವರಿಗೆಲ್ಲ ಇದು ಗೊತ್ತಿರುವ ವಿಚಾರ. ಆದರೆ ಈ ಲಾರಿ ಪರ್ಮಿಟ್ಟಿಲ್ಲದ ಮರಳು ಸಾಗಿಸುವಾಗ ಸಿಕ್ಕಿಬಿದ್ದು, ಮರಳಿನ ಸಮೇತ ಜಪ್ತಿಯಾಗಿ, ಈ ಅಂಗಳಕ್ಕೆ ಬಂದು ನಿಂತದ್ದು ಚಳಿಗಾಲದಲ್ಲಿ. ಚಳಿಗಾಲದ ಮರಳು ಬೇಸಿಗೆಯಲ್ಲಿ ನೀರು ಬಿಡುವುದಿಲ್ಲ. ನನಗೆ ಒಳಗೊಳಗೇ ಹಿಗ್ಗಾಯಿತು. ಹೆಂಡತಿಯ ಮುಖ ನೋಡಿದೆ. ಅವಳೂ ತುಟಿ ಕಚ್ಚಿಕೊಂಡು ನಗು ತಡೆಯುತ್ತಿದ್ದಳು.

ಹಿಗ್ಗಿಗೆ ಕಾರಣವಿತ್ತು. ಹೋದ ತಿಂಗಳು ನನ್ನ ಭಾವಮೈದುನನ ಸ್ಕೂಟರಿಗೆ ಗುದ್ದಿ, ಅವನ ಕಾಲು ಮುರಿದು, ನಿಲ್ಲದೆ ಹೋದದ್ದು ಇದೇ ಲಾರಿಯೆಂದು ಅವನು ಹೇಳುತ್ತಾನೆ; ಆ ಮಾತನ್ನು ಈ ಭೂಮಿಯ ಮೇಲೆ ನಂಬಿದವಳು ಅವನ ಅಕ್ಕ ಒಬ್ಬಳೇ.

ನಂಬುವುದಾದರೂ ಹೇಗೆ? ಅವನು ಹೇಳಿದ ನಂಬರಿನ ಲಾರಿ ಆ ದಿನ ಪೊಲೀಸರ ವಶದಲ್ಲಿ, ಇದೇ ಅಂಗಳದಲ್ಲಿ ನಿಂತಿತ್ತು. ಭಾವಮೈದುನ ಡ್ರೈವಿಂಗ್ ಸ್ಕೂಲ್ ನಡೆಸುತ್ತಾನೆ, ಊರಿಗೆಲ್ಲ ಮಾಸ್ತರ. ಗುದ್ದಿದ ಲಾರಿಯ ನಂಬರನ್ನೇ ತಪ್ಪು ಓದುವವನು ಬೇರೆಯವರಿಗೆ ರಸ್ತೆಯ ಮೇಲೆ ಏನು ಕಲಿಸುತ್ತಾನೆ ಎಂದು ಸಾರಿಗೆ ಕಚೇರಿಯವರು ನೋಟೀಸು ಕಳಿಸಿದ್ದಾರೆ. ಸೋಮವಾರ ವಿಚಾರಣೆ. ಅವತ್ತು ತನ್ನ ಮಾತು ನಿಜವೆಂದು ತೋರಿಸದಿದ್ದರೆ ಸ್ಕೂಲಿನ ಲೈಸೆನ್ಸು ರದ್ದಾಗುತ್ತದೆ.

ಪ್ಲಾಸ್ಟರು ಹಾಕಿದ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ನಮ್ಮ ಮನೆಯ ಸೋಫಾ ಆಕ್ರಮಿಸಿರುವ ಅವನು ನೋವಿಗೆ ಅತ್ತದ್ದನ್ನು ನಾನು ನೋಡಿಲ್ಲ. ನೋಟೀಸು ಬಂದ ದಿನ ಮಾತ್ರ ಗೋಡೆಯ ಕಡೆ ತಿರುಗಿ ಮಲಗಿದ್ದ. ಊಟಕ್ಕೂ ಏಳಲಿಲ್ಲ. ಅವನಿಗೆ ಕಲಿಸುವುದು ಬಿಟ್ಟು ಬೇರೆ ಕೆಲಸ ಬರುವುದಿಲ್ಲ, ಬೇಕಾಗಿಯೂ ಇಲ್ಲ.

ಅದರ ಮರುದಿನವೇ ಲಾರಿಯ ಒಡತಿ ನನ್ನ ಕಚೇರಿಗೆ ಬಂದರು. ಅಕ್ರಮವಾಗಿ ಮರಳು, ಜಲ್ಲಿ, ಕಲ್ಲು ಸಾಗಿಸಿ ಸಿಕ್ಕಿಬಿದ್ದ ಗಾಡಿಗಳನ್ನು ಕೋರ್ಟಿನಿಂದ ಬಿಡಿಸಿಕೊಡುವುದೇ ನನ್ನ ಕಸುಬು. ಜನ ನನ್ನನ್ನು ಬಿಡುಗಡೆ ವಕೀಲ ಎನ್ನುತ್ತಾರೆ. ಮೊಕದ್ದಮೆ ಮುಗಿಯುವ ತನಕ ಲಾರಿ ಬಿಸಿಲಿಗೆ ನಿಂತು ತುಕ್ಕು ಹಿಡಿದರೆ ಯಾರಿಗೂ ಉಪಯೋಗವಿಲ್ಲವೆಂದು, ಮಾಲೀಕರಿಂದ ಬಾಂಡು ಬರೆಸಿಕೊಂಡು, ಜಾಮೀನು ತೆಗೆದುಕೊಂಡು ಕೋರ್ಟು ಬಿಟ್ಟುಕೊಡುತ್ತದೆ. ಮಾರಬಾರದು, ಬಣ್ಣ ಬದಲಿಸಬಾರದು, ಕರೆದಾಗ ತರಬೇಕು. ಬಿಡುವ ಮೊದಲು ಲಾರಿಯ ಫೋಟೋ ತೆಗೆಯಬೇಕು; ಎದುರಿನಿಂದ, ಹಿಂದಿನಿಂದ, ಎರಡೂ ಪಕ್ಕದಿಂದ, ಒಳಗಿರುವ ಲೋಡಿನದ್ದು, ಕೊನೆಗೆ ಮಾಲೀಕರನ್ನು ಲಾರಿಯ ಪಕ್ಕ ನಿಲ್ಲಿಸಿ ಜೋಡಿಯಾಗಿ ಒಂದು. ಊರಿಗಿರುವ ಒಂದೇ ಸ್ಟುಡಿಯೋ ನನ್ನ ಹೆಂಡತಿಯದು. ಹಾಗಾಗಿ ಕೋರ್ಟಿನ ಫೋಟೋ ಕೆಲಸವೆಲ್ಲ ಅವಳಿಗೇ. ನಾನು ಬಿಡಿಸುತ್ತೇನೆ, ಅವಳು ತೆಗೆಯುತ್ತಾಳೆ. ಮನೆ ನಡೆಯುತ್ತದೆ.

ಈ ಲಾರಿಯನ್ನು ಹತ್ತಿರದಿಂದ ನೋಡುವ ಆಸೆಗೆ ವಕಾಲತ್ತು ಹಿಡಿದೆ. ಮಾಸ್ತರ ನನ್ನ ಭಾವಮೈದುನ ಎಂಬುದನ್ನು ಒಡತಿಗೆ ಹೇಳಲಿಲ್ಲ. ಅವರೂ ಕೇಳಲಿಲ್ಲ.

"ಏನು ವಕೀಲರೇ, ಗಂಡ ಹೆಂಡತಿ ಇಬ್ಬರೂ ನನ್ನ ಲಾರಿ ಕೆಳಗೆ ಸಂಸಾರ ಹೂಡಿದ ಹಾಗಿದೆ?"

ಒಡತಿಯೇ ಬಂದಿದ್ದರು. ಎಲ್ಲರೂ ಲಾರಿಯಮ್ಮ ಎಂದೇ ಕರೆಯುತ್ತಾರೆ. ಗಟ್ಟಿ ಆಳು, ಗಟ್ಟಿ ದನಿ. ಪಿಸುಗುಟ್ಟಿದರೂ ಪಕ್ಕದ ಬೀದಿಗೆ ಕೇಳಬೇಕು. ಅಪ್ಪನ ಕಾಲದಿಂದ ಲಾರಿ ವ್ಯವಹಾರ. ಲಾರಿ ಓಡಿಸುವುದು, ಬಿಚ್ಚುವುದು, ಜೋಡಿಸುವುದು ಎಲ್ಲ ಬಲ್ಲವರು. ಅವರ ಹಿಂದೆ, ಬೀಗದ ಕೈಗಳ ಗೊಂಚಲು ಅಲ್ಲಾಡಿಸುತ್ತ, ಬೀಗದ ಮಾಮ ನಿಂತಿದ್ದರು. ಜಪ್ತಿಯಾದ ಗಾಡಿಗಳನ್ನು ಕಾಯುವ ಪೊಲೀಸಿನವರು. ನಿವೃತ್ತಿಗೆ ಹತ್ತಿರವಾಗಿ, ಎಲ್ಲರಿಗೂ ಮಾಮನಾಗಿ, ಯಾರ ಮೇಲೂ ಸಿಟ್ಟಾಗದೆ ಬಾಳಿದವರು. ನನಗೆ ಅವರೆಂದರೆ ಇಷ್ಟ.

"ಚಾಸಿ ನಂಬರ್ ಹುಡುಕ್ತಾ ಇದ್ವಿ," ಎಂದೆ.

"ಬೇಗ ಮುಗಿಸಿ. ಸಂಜೆಗೆ ಗಾಡಿ ಕೆಲಸಕ್ಕೆ ಹೋಗಬೇಕು."

"ಆಯ್ತು ಲಾರಿಯಮ್ಮ. ಫೋಟೋಕ್ಕೆ ಆಮೇಲೆ ನೀವೂ ನಿಲ್ಲಬೇಕು, ತಲೆ ಗಿಲೆ ಬಾಚ್ಕೊಳ್ಳಿ," ಎಂದಳು ನನ್ನವಳು. ಲಾರಿಯಮ್ಮ ಗಹಗಹಿಸಿ ನಕ್ಕು ಮರದ ಕಡೆ ಹೋದರು. ಮಾಮ ತಮ್ಮ ಕೋಣೆಗೆ ಹೋದರು.

ನಾನು ಸಾಲಾಗಿ ನಿಂತಿದ್ದ ಬೇರೆ ಲಾರಿಗಳ ಕಡೆ ನಡೆದೆ. ಒಂದೊಂದರ ಕೆಳಗೂ ಹುಲ್ಲು ಬೆಳೆದು, ಒಣಗಿ, ಚಕ್ರದ ಸುತ್ತ ಹೆಣೆದುಕೊಂಡಿತ್ತು. ಒಂದರಲ್ಲಿ ಮರಳಿನ ಮೇಲೇ ಗಿಡವೊಂದು ಹುಟ್ಟಿ, ಬಾಡಿ ನಿಂತಿತ್ತು. ನಮ್ಮ ಲಾರಿಯ ಕೆಳಗೆ ಮಾತ್ರ ನೆಲ ಚೊಕ್ಕ. ಚಕ್ರದ ಗುರುತುಗಳು ಒಂದರ ಮೇಲೊಂದು ಬಿದ್ದು ಮಣ್ಣು ಹುಡಿಯಾಗಿತ್ತು. ನಿಂತಲ್ಲೇ ನಿಂತ ಲಾರಿ ಹಾಗೆ ಮಣ್ಣು ಅರೆಯುವುದಿಲ್ಲ.

"ರೀ," ಎಂದಳು ಮತ್ತೆ. ಈ ಸಲ ದನಿಯಲ್ಲಿ ತಮಾಷೆ ಇರಲಿಲ್ಲ.

ಅವಳು ಲಾರಿಯ ಎಡಮಗ್ಗುಲಲ್ಲಿ, ಕ್ಯಾಬಿನ್ನಿಗೆ ಹತ್ತುವ ಕಬ್ಬಿಣದ ಮೆಟ್ಟಿಲಿನ ಹತ್ತಿರ ಕೂತಿದ್ದಳು. ಇಡೀ ಲಾರಿಯ ಬಣ್ಣ ಧೂಳು ಕುಡಿದು ಬೂದಿಯಾಗಿದ್ದರೆ ಆ ಮೆಟ್ಟಿಲು ಮಾತ್ರ ಕಪ್ಪಗೆ ಮಿರುಗುತ್ತಿತ್ತು. ಹೊಸ ಬಣ್ಣ. ಬಳಿದವರು ಅವಸರದಲ್ಲಿದ್ದಿರಬೇಕು, ಮೆಟ್ಟಿಲಿನ ಅಡಿಯಂಚಿಗೆ ಕುಂಚ ಮುಟ್ಟಿರಲಿಲ್ಲ. ಅಲ್ಲಿ, ತುಕ್ಕಿನ ಮೇಲೆ, ಬೆರಳುದ್ದದ ತಿಳಿನೀಲಿ ಗೀರು ಅಂಟಿಕೊಂಡಿತ್ತು.

"ತಮ್ಮನ ಸ್ಕೂಟರಿನ ಬಣ್ಣ," ಎಂದಳು. ಅವಳ ಕಣ್ಣು ತುಂಬಿ ಬಂತು. ಆದರೂ ಒಂದರ ಮೇಲೊಂದು ಫೋಟೋ ತೆಗೆಯುತ್ತಲೇ ಹೋದಳು.

"ನಾನು ಅವನನ್ನ ನಂಬಬೇಕಿತ್ತು ಕಣೆ," ಎಂದೆ.

"ಈಗ ನಂಬಿದ್ರಲ್ಲ, ಸಾಕು. ಕಣ್ಣು ಒರೆಸ್ಕೊಳ್ಳೋಕೆ ಒಂದು ಕರ್ಚೀಫ್ ಕೊಡಿ."

ಕೊಟ್ಟೆ. ಆಮೇಲೆ ಇಬ್ಬರೂ ಲಾರಿಯ ಮರೆಯಲ್ಲೇ ನಿಂತು ಲೆಕ್ಕ ಹಾಕಿದೆವು. ಕದ್ದು ಮರಳು ಸಾಗಿಸುವವರಿಗೆ ಜಪ್ತಿಯಾದ ಲಾರಿಯಷ್ಟು ಕ್ಷೇಮದ ಗಾಡಿ ಇನ್ನೊಂದಿಲ್ಲ. ಯಾರಾದರೂ ನಂಬರು ಬರೆದುಕೊಂಡು ದೂರು ಕೊಟ್ಟರೂ ಪೊಲೀಸರೇ ನಕ್ಕು, ಆ ಲಾರಿ ನಮ್ಮಲ್ಲೇ ಇದೆಯಲ್ಲಯ್ಯ ಎನ್ನುತ್ತಾರೆ. ಮಾಸ್ತರನಿಗೆ ಆದದ್ದೂ ಅದೇ.

"ನೀವು ಲಾರಿಯಮ್ಮನ ವಕೀಲರು, ಬಾಯಿ ಬಿಡಬೇಡಿ," ಎಂದಳು ಅವಳು, ಕ್ಯಾಮೆರಾವನ್ನು ಚೀಲಕ್ಕೆ ಸೇರಿಸುತ್ತ. "ಫೋಟೋದವಳು ನಾನು. ಕಂಡದ್ದನ್ನ ಕಂಡ ಹಾಗೆ ಕೋರ್ಟಿಗೆ ಕೊಡೋದು ನನ್ನ ಕೆಲಸ. ಗೀರೂ ತೋರಿಸ್ತೀನಿ, ನೀರೂ ತೋರಿಸ್ತೀನಿ. ಆಮೇಲೆ ಜಡ್ಜ್ ಸಾಹೇಬರುಂಟು, ಲಾರಿಯುಂಟು."

ಕೋರ್ಟು ರಸ್ತೆಯ ಆಚೆ ಬದಿಗೇ ಇದೆ. ಅವಳು ದಾಪುಗಾಲು ಹಾಕುತ್ತ ಗೇಟು ದಾಟಿದಳು. ನೋಡುತ್ತ ನಿಂತ ನನಗೆ ಹೆಮ್ಮೆಯಾಯಿತು. ಮನೆಯಲ್ಲಿ ಸೋಫಾದ ಮೇಲಿರುವವನ ಮುಖ ಸಂಜೆ ಹೇಗಾಗಬಹುದೆಂದು ನೆನೆದು ಹೊಟ್ಟೆ ತಣ್ಣಗಾಯಿತು.

"ಮೇಡಂ ಎಲ್ಲಿ ಹೊರಟ್ರು?" ಲಾರಿಯಮ್ಮ ಮರದಡಿಯಿಂದ ಕೇಳಿದರು.

"ಬ್ಯಾಟರಿ ಮುಗೀತಂತೆ," ಎಂದೆ. ಸುಳ್ಳು ಅಷ್ಟು ಸಲೀಸಾಗಿ ಬಂತು.

"ಹಾಗಾದ್ರೆ ನಾನು ಕ್ಯಾಬಿನ್ ಹತ್ತಿ ನನ್ನ ಸ್ಪ್ಯಾನರ್, ಜಾಕಿ ಎಲ್ಲಾ ಇದೆಯಾ ನೋಡ್ಕೋತೀನಿ."

ಮಾಮ ಕೋಣೆಯ ಬಾಗಿಲಿನಿಂದಲೇ ತಲೆಯಾಡಿಸಿದರು. ನಾನು ಲಾರಿಯ ಹಿಂಬಾಗಿಲಿನ ಸಂದಿಯಿಂದ ಒಂದು ಹಿಡಿ ಮರಳು ತೆಗೆದುಕೊಂಡು ಮಾಮನ ಕೋಣೆಗೆ ಹೋದೆ. ಅಂಗಳಕ್ಕೆ ಬೆನ್ನು ಹಾಕಿ ಕೂತೆ. ಇಂದಿಗೂ ಆ ಕುರ್ಚಿಯನ್ನು ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ, ಗೋಡೆಯ ತುಂಬ ಮೊಳೆಗಳಿಗೆ ನೇತುಹಾಕಿದ ಬೀಗದ ಕೈಗಳು. ಮೂಲೆಯಲ್ಲಿ ನೆಲ ಒರೆಸುವ ಬಕೆಟ್ಟು. ಮಾಮ ಎರಡು ಲೋಟಕ್ಕೆ ಟೀ ಬಗ್ಗಿಸಿದರು.

ನಾನು ಮರಳನ್ನು ಅವರ ಮೇಜಿನ ಮೇಲೆ ಸುರಿದೆ.

"ಇದೇನು ವಕೀಲರೇ?"

"ಮುಟ್ಟಿ ನೋಡಿ ಮಾಮ."

ಮುಟ್ಟಿದರು. ಬೆರಳಿಗೆ ಅಂಟಿತು. ಬೆರಳನ್ನು ಒಮ್ಮೆ ನೋಡಿಕೊಂಡರು, ನನ್ನನ್ನು ಒಮ್ಮೆ ನೋಡಿದರು.

"ತಂಪು ಹೊತ್ತಲ್ಲಿ ಇಬ್ಬನಿ ಬಿದ್ದಿರಬೇಕು," ಎಂದರು.

"ಬೇಸಿಗೇಲಿ? ಪಕ್ಕದ ಲಾರಿಗಳಿಗೆ ಬೀಳದ ಇಬ್ಬನಿ ಇದೊಂದಕ್ಕೇ ಬಿತ್ತಾ?"

ಮಾಮ ಟೀ ಲೋಟ ಕೆಳಗಿಟ್ಟರು. ಮೇಜಿನ ಮೇಲಿನ ಮರಳನ್ನು ಅಂಗೈಯಿಂದ ಒಟ್ಟು ಮಾಡಿದರು.

"ಹಳೆ ಮರಳು ಇಲ್ಲ ವಕೀಲರೇ," ಎಂದರು ಕೊನೆಗೆ. "ಠಾಣೆ ಹಿತ್ತಲ ಕಟ್ಟೆಗೆ ಸ್ವಲ್ಪ ಹೋಯ್ತು. ಇನ್ಸ್‌ಪೆಕ್ಟರ್ ಸಾಹೇಬರ ಮನೆ ಮೆಟ್ಟಿಲಿಗೆ ಸ್ವಲ್ಪ. ಅಕ್ಕಪಕ್ಕದೋರು ಒಂದೊಂದು ಬುಟ್ಟಿ ಅಂತ ಬಂದ್ರು, ಇಲ್ಲ ಅನ್ನೋಕೆ ನನಗೆ ಬಾಯಿ ಬರಲ್ಲ. ನಿನ್ನೆ ನಿಮ್ಮ ಬಿಡುಗಡೆ ಆದೇಶ ಬಂತು. ಜಪ್ತಿ ಮಾಡಿದಾಗ ತುಂಬಿದ ಲಾರಿ. ಖಾಲಿ ಲಾರಿ ಹೇಗೆ ಕೊಡಲಿ? ಅದಕ್ಕೆ ಟ್ರ್ಯಾಕ್ಟರ್‌ನೋರಿಗೆ ಹೇಳಿ ಹೊಳೆಯಿಂದ ತರಿಸಿ ತುಂಬಿಸಿಬಿಟ್ಟೆ."

"ಪರ್ಮಿಟ್ ತಗೊಂಡಿದ್ರಾ?"

"ಎಲ್ಲಿ ಪರ್ಮಿಟ್ಟು. ರಾತ್ರೋರಾತ್ರಿ ಯಾರು ಕೊಡ್ತಾರೆ?"

ನನಗೆ ನಗು ತಡೆಯಲಾಗಲಿಲ್ಲ. ಅಕ್ರಮ ಮರಳು ಹಿಡಿಯುವ ಠಾಣೆಯೇ, ಹಿಡಿದ ಅಕ್ರಮ ಮರಳು ಕಡಿಮೆ ಬಿತ್ತೆಂದು, ಅಕ್ರಮವಾಗಿ ಮರಳು ತರಿಸಿ ತುಂಬಿದೆ. ಮಾಮನೂ ನಕ್ಕರು, ಬಾಯಿ ನಕ್ಕಿತು, ಕಣ್ಣು ನಗಲಿಲ್ಲ.

"ಅದು ಸರಿ ಮಾಮ. ಆದ್ರೆ ಮೊದಲು ಲೋಡ್ ಇಳಿಸಿದ್ದು ಯಾಕೆ? ಲಾರಿಯಲ್ಲೇ ಬಿದ್ದಿರ್ತಿತ್ತಲ್ಲ."

ಮಾಮ ಬೀಗದ ಕೈಗಳ ಗೊಂಚಲನ್ನು ಜೇಬಿಗೆ ಸೇರಿಸಿದರು.

"ಮಾಮ, ಆ ಲಾರಿ ಹೊರಗೆ ಹೋಗಿದೆ. ಕೆಳಗೆ ಹುಲ್ಲಿಲ್ಲ. ಮೆಟ್ಟಿಲಿಗೆ ಸ್ಕೂಟರಿನ ಬಣ್ಣ ಅಂಟಿದೆ. ಯಾರಿಗೆ ಕೊಟ್ರಿ?"

"ಇದನ್ನ ಇಲ್ಲಿಗೇ ಬಿಟ್ಟುಬಿಡಿ ವಕೀಲರೇ. ನಿಮ್ಮ ಒಳ್ಳೇದಕ್ಕೇ ಹೇಳ್ತಾ ಇದ್ದೀನಿ."

"ನನ್ನ ಒಳ್ಳೇದು ನನ್ನ ಮನೆ ಸೋಫಾ ಮೇಲೆ ಕಾಲು ಮುರ್ಕೊಂಡು ಬಿದ್ದಿದೆ. ಯಾರಿಗೆ ಕೊಟ್ರಿ ಹೇಳಿ."

ಮಾಮ ಕಣ್ಣು ಮುಚ್ಚಿಕೊಂಡರು.

"ಅವರಿಗೇ," ಎಂದರು. "ಮಾಸ್ತರಿಗೆ."

ಅಂಗಳದಲ್ಲಿ ಎಲ್ಲೋ ಲಾರಿಯ ಬಾಗಿಲು ಹಾಕಿದ ಸದ್ದಾಯಿತು. ನಾನು ತಿರುಗಿ ನೋಡಲಿಲ್ಲ. ಮಾಮನ ಬಾಯನ್ನೇ ನೋಡುತ್ತಿದ್ದೆ.

"ಅವರ ಸ್ಕೂಲಿನ ಲಾರಿ ಗೇರ್ ಬಾಕ್ಸ್ ಹೋಯ್ತಲ್ಲ, ಆಗ. ದೊಡ್ಡ ಗಾಡಿ ಕಲಿಯೋರು ಕಾಯ್ತಾ ಇದ್ರು. ನನ್ನ ಅಳಿಯನೂ ಅವರಲ್ಲಿ ಒಬ್ಬ. ನಾನೇ ಹೇಳಿದೆ, ಇಲ್ಲಿ ಸುಮ್ನೆ ನಿಂತು ಇಂಜಿನ್ ಜಾಮ್ ಆಗುತ್ತೆ, ಬೆಳಿಗ್ಗೆ ಬೆಳಿಗ್ಗೆ ಒಂದು ಸುತ್ತು ಓಡಿಸಿದ್ರೆ ಗಾಡಿಗೂ ಒಳ್ಳೇದು, ಹುಡುಗರಿಗೂ ಒಳ್ಳೇದು ಅಂತ. ತುಂಬಿದ ಗಾಡೀಲಿ ಕಲಿಸೋಕೆ ಆಗಲ್ಲ ಅಂದ್ರು. ಅದಕ್ಕೆ ಲೋಡ್ ಇಳಿಸಿದ್ವಿ. ಇದರಲ್ಲಿ ಯಾರಿಗೂ ಕೆಟ್ಟದ್ದು ಮಾಡೋ ಯೋಚನೆ ಇರಲಿಲ್ಲ ವಕೀಲರೇ."

ನಾನು ನಂಬಿದೆ. ಅದೇ ದುಃಖ. ಮಾಮನಿಗೂ ಮಾಸ್ತರನಿಗೂ ಮಾತ್ರ ಹೊಳೆಯಬಹುದಾದ ಉಪಕಾರ ಅದು. ಒಬ್ಬರಿಗೆ ನಿಂತ ಗಾಡಿ ನೋಡಲಾಗದು, ಇನ್ನೊಬ್ಬನಿಗೆ ಸುಮ್ಮನೆ ಕೂತ ವಿದ್ಯಾರ್ಥಿಯನ್ನು ನೋಡಲಾಗದು.

"ಅಪಘಾತದ ದಿನ?"

"ಆಣೆ ಮಾಡಿ ಹೇಳ್ತೀನಿ, ಅವತ್ತು ನಾನು ಮಗಳ ಮನೇಲಿದ್ದೆ. ಕೀ ನನ್ನ ಜೇಬಲ್ಲೇ ಇತ್ತು. ವಾಪಸ್ ಬಂದು ನೋಡಿದ್ರೆ ಲಾರಿ ಮೂತಿ ಗೋಡೆ ಕಡೆ ಇದ್ದದ್ದು ಗೇಟಿನ ಕಡೆ ತಿರುಗಿತ್ತು. ಹಿಂದಿನ ಗೋಡೆ ಬಿದ್ದಿದೆ, ಯಾರು ಬೇಕಾದ್ರೂ ಒಳಗೆ ಬರಬಹುದು. ಯಾರ ಹತ್ತಿರ ಹೇಳಲಿ? ಹೇಳಿದ್ರೆ ಮಾಸ್ತರ ವಿಷಯಾನೂ ಹೊರಗೆ ಬರ್ತಿತ್ತು, ನನ್ನದೂ ಬರ್ತಿತ್ತು."

"ಅಂದ್ರೆ ಇನ್ನೊಂದು ಕೀ ಇದೆ."

"ಇರಲೇಬೇಕು."

ನಾನು ಫೋನು ತೆಗೆದು ಮನೆಗೆ ಮಾಡಿದೆ. ಭಾವಮೈದುನ ಎತ್ತಿದ.

"ಹೇಳಿ ಭಾವ. ಲಾರಿ ನೋಡಿದ್ರಾ?"

"ನೋಡಿದೆ. ನಿನ್ನ ಸ್ಕೂಟರಿನ ಬಣ್ಣ ಸಿಕ್ತು. ಆಮೇಲೆ, ಬೀಗದ ಮಾಮ ಎಲ್ಲಾ ಹೇಳಿದ್ರು."

ಸೋಫಾ ಕಿರುಗುಟ್ಟಿದ್ದು ಮಾತ್ರ ಕೇಳಿಸಿತು.

"ಅಕ್ಕನಿಗೆ ಗೊತ್ತಾಯ್ತಾ?"

ಅವನು ಕೇಳಿದ ಮೊದಲ ಪ್ರಶ್ನೆ ಅದು. ಲೈಸೆನ್ಸಿನ ಮಾತಲ್ಲ.

"ಇನ್ನೂ ಇಲ್ಲ. ನನಗಾದ್ರೂ ಹೇಳಬಾರದಿತ್ತೇನೋ?"

"ನಂಬರ್ ನಾನು ಓದಲೇ ಇಲ್ಲ ಭಾವ. ಗುದ್ದಿದ ಏಟಿಗೆ ಮಕಾಡೆ ಬಿದ್ದಿದ್ದೆ. ಆದ್ರೆ ಆ ಲಾರಿ ಎರಡನೇ ಗೇರಿಗೆ ಹೋಗೋವಾಗ ಮುದುಕರು ಕೆಮ್ಮಿದ ಹಾಗೆ ಕೆಮ್ಮುತ್ತೆ. ದಿನಾ ಓಡಿಸಿದೋನಿಗೆ ಗೊತ್ತಾಗಲ್ವಾ? ಆಸ್ಪತ್ರೇಲಿ ಕೇಳಿದ ತಕ್ಷಣ ನಂಬರ್ ಹೇಳಿಬಿಟ್ಟೆ. ಹೇಳಿದ್ಮೇಲೆ ಹೊಳೀತು, ನಿನಗೆ ಹೇಗೆ ಗೊತ್ತು ಅಂದ್ರೆ ಏನು ಹೇಳಲಿ ಅಂತ."

"ಓಡಿಸ್ತಾ ಇದ್ದೋರು ಯಾರು?"

"ನೋಡಲಿಲ್ಲ. ನಿಜವಾಗ್ಲೂ ನೋಡಲಿಲ್ಲ." ಆಮೇಲೆ ಹೇಳಿದ, "ನಾನು ಸುಳ್ಳು ಹೇಳಿಲ್ಲ ಭಾವ. ಅರ್ಧ ಹೇಳಿದೆ ಅಷ್ಟೆ. ಕಲಿಸೋದು ಬಿಟ್ಟು ನನಗೆ ಇನ್ನೇನು ಬರುತ್ತೆ?"

ಬೈಯಬೇಕೆಂದು ಬಾಯಿ ತೆರೆದವನು ಬೈಯಲಿಲ್ಲ. ಕಾಲು ಅಲ್ಲಾಡಿಸಬೇಡ, ಸಂಜೆ ಬಂದು ಮಾತಾಡುತ್ತೇನೆ ಎಂದೆ. ಫೋನು ಇಟ್ಟದ್ದೇ ತಡ, ಮತ್ತೆ ಬಡಿದುಕೊಂಡಿತು. ಹೆಂಡತಿ.

"ರೀ, ಕೆಲಸ ಆಯ್ತು." ಅವಳ ದನಿ ಕುಣಿಯುತ್ತಿತ್ತು. "ಸಾಹೇಬರು ಫೋಟೋ ನೋಡಿದವರೇ ಬಿಡುಗಡೆ ನಿಲ್ಲಿಸಿದ್ರು. ಕ್ಯಾಬಿನ್ ಬಾಗಿಲಿಗೆ ಮೊಹರು ಹಾಕೋಕೆ ಕೋರ್ಟಿನ ಅಮೀನರು ಹೊರಟಿದ್ದಾರೆ, ಜೊತೇಲಿ ನಾನೂ ಬರ್ತಾ ಇದ್ದೀನಿ. ಮಧ್ಯಾಹ್ನ ಬೆರಳಚ್ಚಿನವರು ಬರ್ತಾರಂತೆ. ಆ ಸ್ಟೀರಿಂಗ್ ಮುಟ್ಟಿದ ಒಬ್ಬೊಬ್ಬರೂ ಸಿಕ್ಕಿಬೀಳ್ತಾರೆ ನೋಡಿ. ತಮ್ಮನಿಗೆ ಫೋನ್ ಮಾಡಿ ಹೇಳಿಬಿಡಿ, ಗೆದ್ದೆ ಕಣೋ ಅಂತ."

"ಹೂಂ," ಎಂದೆ.

ಸ್ಟೀರಿಂಗ್ ಮುಟ್ಟಿದ ಒಬ್ಬೊಬ್ಬರೂ. ಅದರ ಮೇಲೆ ಎಲ್ಲರಿಗಿಂತ ಹೆಚ್ಚು ಬೆರಳು ಊರಿದವನು ಅವಳ ತಮ್ಮನೇ. ಕಣ್ಣು ಸರಿಯಿಲ್ಲವೆಂದು ಲೈಸೆನ್ಸು ಕಳೆದುಕೊಳ್ಳಬೇಕಿದ್ದವನು ಈಗ ಪೊಲೀಸರ ವಶದಲ್ಲಿದ್ದ ಲಾರಿ ಕದ್ದು ಓಡಿಸಿದನೆಂದು ಕಳೆದುಕೊಳ್ಳುತ್ತಾನೆ. ಅಕ್ಕ ತಮ್ಮನನ್ನು ಉಳಿಸಲು ಓಡಿ, ತಮ್ಮನನ್ನೇ ಹಿಡಿದುಕೊಟ್ಟು ಬರುತ್ತಿದ್ದಳು.

ಮಾಮನಿಗೆ ಫೋನಿನ ಮಾತೆಲ್ಲ ಕೇಳಿಸಿತ್ತು. ಎದ್ದು ಮೂಲೆಯ ಬಕೆಟ್ಟಿನಲ್ಲಿ ಬಟ್ಟೆ ಅದ್ದಿ, ಅರ್ಧಂಬರ್ಧ ಹಿಂಡಿ ತಂದರು.

"ಒಂದು ಸಲ ಒರೆಸಿದ್ರೆ ಆಯ್ತು ವಕೀಲರೇ. ಮಾಸ್ತರೂ ಉಳೀತಾರೆ, ನಾನೂ ಉಳೀತೀನಿ."

"ಗುದ್ದಿದೋರೂ ಉಳೀತಾರೆ ಮಾಮ."

"ಕಾಲು ಹೇಗೂ ಕೂಡ್ಕೊಳ್ಳುತ್ತೆ."

ನಿಜ ಹೇಳುತ್ತೇನೆ, ಮನಸ್ಸು ಒಂದು ಕ್ಷಣ ಆ ಕಡೆ ವಾಲಿತು. ಒಂದೇ ಕ್ಷಣ. ಆಮೇಲೆ, ಬಿದ್ದವನನ್ನು ಎತ್ತದೆ ಎರಡನೇ ಗೇರು ಹಾಕಿಕೊಂಡು ಹೋದ ಆ ಯಾರೋ ನೆನಪಾದರು. ಮಾಸ್ತರ ಮಾಡಿದ್ದು ತಪ್ಪು. ಸೋಮವಾರ ವಿಚಾರಣೆಯಲ್ಲಿ ಅದನ್ನು ಅವನ ಬಾಯಿಂದಲೇ ಹೇಳಿಸುತ್ತೇನೆ, ಪಕ್ಕದಲ್ಲಿ ನಾನು ನಿಲ್ಲುತ್ತೇನೆ. ತಾನೇ ಬಂದು ಒಪ್ಪಿಕೊಂಡವನನ್ನು ಸಾರಿಗೆ ಕಚೇರಿಯವರು ಬೈದು ಬಿಟ್ಟಾರು. ಆದರೆ ಅವನ ಕಾಲು ಮುರಿದವರ ಗುರುತು ಆ ಸ್ಟೀರಿಂಗ್ ಬಿಟ್ಟರೆ ಬೇರೆಲ್ಲೂ ಇಲ್ಲ. ಅದನ್ನು ಒರೆಸಲು ಬಿಡಬಾರದು. ಹೀಗೆ ನಿಶ್ಚಯವಾದ ಮೇಲೆ ನನ್ನ ಎದೆ ಹಗುರಾಯಿತು.

"ಕೊಡಿ ಇಲ್ಲಿ," ಎಂದು ಮಾಮನ ಕೈಯಿಂದ ಬಟ್ಟೆ ಕಿತ್ತುಕೊಂಡೆ. "ನೀವು ಈ ಕೋಣೆ ಬಿಟ್ಟು ಏಳಬೇಡಿ. ಅಮೀನರು ಬರೋ ತನಕ ಕ್ಯಾಬಿನ್ ಬಾಗಿಲು ನಾನು ಕಾಯ್ತೀನಿ."

ಹೊರಗೆ ಬಂದೆ. ಬಿಸಿಲು ಕಣ್ಣಿಗೆ ಹೊಡೆಯಿತು. ಲಾರಿಯಮ್ಮ ಅಂಗಳದ ನಲ್ಲಿಯ ಕೆಳಗೆ ಕೈ ತೊಳೆಯುತ್ತಿದ್ದರು.

"ಸ್ಪ್ಯಾನರ್, ಜಾಕಿ ಎಲ್ಲಾ ಸರಿಯಾಗಿದೆ ವಕೀಲರೇ," ಎಂದರು ಕೈ ಕೊಡವುತ್ತ. "ಮಾಮನ ಹತ್ತಿರ ಬಹಳ ಹೊತ್ತು ಮಾತಾಡಿದ್ರಿ."

"ಹಳೇ ಸ್ನೇಹ," ಎಂದು ಹೇಳಿ ಲಾರಿಯ ಕಡೆ ನಡೆದೆ. ಕ್ಯಾಬಿನ್ನಿನ ಬಾಗಿಲು ಸರಿಯಾಗಿ ಕೂತಿರಲಿಲ್ಲ. ಗಾಜು ಇಳಿದಿತ್ತು. ಏರಿಸಿ ಭದ್ರ ಮಾಡೋಣವೆಂದು, ಹೊಸ ಬಣ್ಣದ ಮೆಟ್ಟಿಲನ್ನು ತುಳಿಯದೆ ಬಲಗಡೆಯಿಂದ ಹತ್ತಿದೆ.

ಒಳಗೆಲ್ಲ ಧೂಳು. ಸೀಟಿನ ಮೇಲೆ, ಗಾಜಿನ ಕೆಳಗೆ, ಕನ್ನಡಿಯ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. ಸ್ಟೀರಿಂಗ್ ಮಾತ್ರ ಒದ್ದೆಯಾಗಿ ಹೊಳೆಯುತ್ತಿತ್ತು. ಗೇರಿನ ಗುಂಡೂ ಹೊಳೆಯುತ್ತಿತ್ತು. ಬಾಗಿಲಿನ ಒಳಹಿಡಿಯಿಂದ ಇನ್ನೂ ನೀರು ಇಳಿಯುತ್ತಿತ್ತು.

ಒರೆಸಿಯಾಗಿತ್ತು. ಈಗಷ್ಟೇ.

ಮಾಮ ನನ್ನ ಕಣ್ಣೆದುರೇ ಇದ್ದರು. ನನ್ನ ಹೆಂಡತಿ ಕೋರ್ಟಿನಲ್ಲಿದ್ದಳು. ಅಂಗಳದಲ್ಲಿ ಉಳಿದವರು ಒಬ್ಬರೇ. ಜಪ್ತಿಯಾದ ಲಾರಿಯ ಎರಡನೇ ಕೀ ಯಾರ ಹತ್ತಿರ ಇರುತ್ತದೆ? ಅದನ್ನು ಕೊಂಡವರ ಹತ್ತಿರ. ಇಷ್ಟು ಸುಲಭದ ವಿಷಯ, ಇಷ್ಟು ಲಾರಿ ಬಿಡಿಸಿದ ನನ್ನ ತಲೆಗೆ, ಆ ಕ್ಯಾಬಿನ್ನಿನಲ್ಲಿ ಬಗ್ಗಿ ನಿಂತಾಗ ಹೊಳೆಯಿತು.

ತಿರುಗಿದೆ. ಗೇಟಿನಲ್ಲಿ ಅರಗು ದಾರ ಹಿಡಿದ ಅಮೀನರು, ಅವರ ಪಕ್ಕದಲ್ಲಿ ನಗುನಗುತ್ತ ಬರುತ್ತಿದ್ದ ನನ್ನ ಹೆಂಡತಿ.

ನಾನು ಬಾಯಿ ತೆರೆಯುವ ಮೊದಲೇ ಲಾರಿಯಮ್ಮನ ದನಿ ಅಂಗಳ ತುಂಬಿತು.

"ಬನ್ನಿ ಅಮೀನರೇ, ಸರಿಯಾದ ಹೊತ್ತಿಗೆ ಬಂದ್ರಿ. ನಮ್ಮ ವಕೀಲರು ಏನು ಮಾಡ್ತಾ ಇದ್ದಾರೆ ನೋಡಿ. ನನ್ನ ಲಾರಿ ಕದ್ದು ಓಡಿಸಿದ ಭಾವಮೈದುನ ಎಲ್ಲಿ ಸಿಕ್ಕಿಬೀಳ್ತಾನೋ ಅಂತ ಸ್ಟೀರಿಂಗ್ ಒರೆಸ್ತಾ ಇದ್ದಾರೆ."

ಅವರಿಗೆ ಎಲ್ಲವೂ ಗೊತ್ತಿತ್ತು. ನನ್ನ ಕಚೇರಿಯ ಮೆಟ್ಟಿಲು ಹತ್ತಿದ ದಿನದಿಂದಲೇ ಗೊತ್ತಿತ್ತು. ನನ್ನ ಹೆಂಡತಿಯ ನಗು ಅರ್ಧಕ್ಕೇ ನಿಂತಿತು.

ಅಮೀನರು ಹತ್ತಿರ ಬಂದು, ಒದ್ದೆ ಸ್ಟೀರಿಂಗ್ ನೋಡಿದರು. ನನ್ನ ಕೈಯಲ್ಲಿದ್ದ ಬಟ್ಟೆಯಿಂದ ಹನಿ ಬೀಳುತ್ತಿದ್ದುದನ್ನೂ ನೋಡಿದರು. ಒಳ್ಳೆಯ ಮನುಷ್ಯ, ನನ್ನನ್ನು ಬಹಳ ವರ್ಷದಿಂದ ಬಲ್ಲವರು. ಅವರಿಗೇ ನಾಚಿಕೆಯಾದಂತೆ ಮುಖ ಆಚೆ ತಿರುಗಿಸಿದರು.

"ಇಳೀಬೇಡಿ ವಕೀಲರೇ, ಹಾಗೇ ಇರಿ," ಎಂದು, ನನ್ನ ಹೆಂಡತಿಗೆ ಮೆಲ್ಲಗೆ ಹೇಳಿದರು, "ಮೇಡಂ, ಇದರದ್ದೊಂದು ಫೋಟೋ ತೆಗೀಬೇಕು. ಕೈ ಕಾಣಿಸೋ ಹಾಗೆ."

ಅವಳು ನನ್ನ ಮುಖವನ್ನು ಒಮ್ಮೆ ನೋಡಿದಳು. ಆಮೇಲೆ ಕ್ಯಾಮೆರಾ ಎತ್ತಿದಳು.